ಜೇಬಿನಲ್ಲಿ ಅಡಗಿಸಿಟ್ಟ ಭಯ

ಮನುಷ್ಯ ತನ್ನ ಭಯವನ್ನು ಎಲ್ಲಿಟ್ಟುಕೊಳ್ಳುತ್ತಾನೆ ಎಂಬುದನ್ನು ನೋಡಿದರೆ ಅವನ ಸಮಾಜ ಎಂಥದೆಂದು ತಿಳಿಯುತ್ತದೆ. ನಾವು ಬಾಗಿಲಿಗೆ ಎರಡು ಚಿಲಕ ಹಾಕುತ್ತೇವೆ. ಅಂಗಳದಲ್ಲಿ ನಾಯಿ ಸಾಕುತ್ತೇವೆ. ಕತ್ತಲಾದರೂ ಮನೆಗೆ ಬಾರದ ಮಗಳಿಗೆ ನಾಲ್ಕು ಸಲ ಫೋನ್ ಮಾಡುತ್ತೇವೆ. ಅಮೆರಿಕದಲ್ಲಿ ಲಕ್ಷಾಂತರ ಜನ ಅದೇ ಭಯವನ್ನು ಪ್ಯಾಂಟಿನ ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಇಟ್ಟುಕೊಂಡು ಅಂಗಡಿಗೂ ಆಫೀಸಿಗೂ ಹೋಗಿಬರುತ್ತಾರೆ. ಆ ಭಯದ ಒಂದು ರೂಪವೇ ಗಿಡ್ಡ ನಳಿಗೆಯ ಚಿಕ್ಕ ರಿವಾಲ್ವರ್. ಅಲ್ಲಿನವರು ಅದನ್ನು 'ಸ್ನಬ್‌ನೋಸ್', ಅಂದರೆ ಮೊಂಡು ಮೂಗಿನದು ಎಂದು ಕರೆಯುತ್ತಾರೆ.

ಇದು ಹೊಸ ವಸ್ತುವೇನಲ್ಲ. ಕೋಲ್ಟ್ ಕಂಪೆನಿ 1927ರಲ್ಲಿ 'ಡಿಟೆಕ್ಟಿವ್ ಸ್ಪೆಷಲ್' ಎಂಬ ಆರು ಗುಂಡಿನ ರಿವಾಲ್ವರನ್ನು ತಂದಿತು. ಮಫ್ತಿಯಲ್ಲಿ ತಿರುಗುವ ಪೊಲೀಸರಿಗೆ ಅದು ಹೇಳಿ ಮಾಡಿಸಿದಂತಿತ್ತು. 1950ರಲ್ಲಿ ಸ್ಮಿತ್ ಆಂಡ್ ವೆಸನ್ ಕಂಪೆನಿ ಅದಕ್ಕಿಂತಲೂ ಚಿಕ್ಕದಾದ, ಐದು ಗುಂಡಿನ ರಿವಾಲ್ವರ್ ತಯಾರಿಸಿತು. ನಳಿಗೆ ಎರಡು ಇಂಚಿನ ಆಸುಪಾಸು. ಅಲ್ಯುಮಿನಿಯಂ ಮಿಶ್ರಲೋಹದ ಮಾದರಿಗಳು ಗುಂಡು ತುಂಬದಿದ್ದಾಗ ಅರ್ಧ ಕಿಲೋಗಿಂತಲೂ ಕಡಿಮೆ ತೂಗುತ್ತವೆ.

ಇದನ್ನು ಕೊಂಡವನಿಗೆ ಮೊದಲು ಎದುರಾಗುವುದು ಹಿಡಿಯ ಪ್ರಶ್ನೆ. ಚಿಕ್ಕ ಮರದ ಹಿಡಿ ಹಾಕಿಸಿದರೆ ಜೇಬಿನಲ್ಲಿ ಕೋವಿಯಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಿರುಬೆರಳಿಗೆ ಜಾಗವಿರುವುದಿಲ್ಲ. ಗುಂಡು ಹಾರಿದಾಗ ಅದರ ಒದೆತವೆಲ್ಲ ಅಂಗೈಗೇ ಬಡಿಯುತ್ತದೆ. ಎರಡನೆಯ ಗುಂಡಿಗೆ ಗುರಿ ತಪ್ಪುತ್ತದೆ. ದೊಡ್ಡ ರಬ್ಬರ್ ಹಿಡಿ ಹಾಕಿಸಿದರೆ ಕೈಗೆ ಹಿತ, ಗುರಿಗೂ ಸ್ಥಿರತೆ. ಆದರೆ ರಬ್ಬರು ಬಟ್ಟೆಗೆ ಅಂಟಿಕೊಳ್ಳುತ್ತದೆ, ಜೇಬು ಉಬ್ಬಿ ಕಾಣುತ್ತದೆ. ಕೋವಿ ಹಗುರವಾದಷ್ಟೂ ಹೊರುವುದು ಸುಲಭ, ಹಾರಿಸುವುದು ಕಷ್ಟ. ಒಟ್ಟಿನಲ್ಲಿ, ಅಡಗಿಸಲು ಒಳ್ಳೆಯದಾದದ್ದು ಹಿಡಿಯಲು ಒಳ್ಳೆಯದಲ್ಲ. ಇದು ಪಳಗಿದವರ ಕೋವಿ, ಹೊಸಬರದ್ದಲ್ಲ ಎಂದು ಬಲ್ಲವರು ಹೇಳುತ್ತಾರೆ. ಆದರೂ ಚಿಕ್ಕದು, ಸರಳವಾದದ್ದು ಎಂಬ ಕಾರಣಕ್ಕೆ ಹೊಸಬರಿಗೇ ಅದನ್ನು ತೋರಿಸುವ ಅಂಗಡಿಗಳುಂಟು.

ಹಿಡಿಯ ನಂತರ ಉಳಿದ ಸಿದ್ಧತೆ. ಹಿಂಬದಿಯ ಹ್ಯಾಮರ್ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಅದರ ಚಾಚಿದ ತುದಿಯನ್ನು ಕತ್ತರಿಸುತ್ತಾರೆ, ಇಲ್ಲವೇ ಹ್ಯಾಮರ್ ಒಳಗೇ ಮುಚ್ಚಿಹೋಗಿರುವ ಮಾದರಿಯನ್ನು ಕೊಳ್ಳುತ್ತಾರೆ. ಬೀಗದ ಕೈಯೋ ನಾಣ್ಯವೋ ತಗುಲಿ ಟ್ರಿಗ್ಗರ್ ಅದುಮಿ ಹೋಗದಂತೆ, ಜೇಬಿನೊಳಗೆ ಕೂರುವ ಬೇರೆಯೇ ಚೀಲವಿರುತ್ತದೆ. ಇಂಥ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಬೆರಳಿನಿಂದ ಸರಿಸುವ ಸೇಫ್ಟಿ ಇರುವುದಿಲ್ಲ. ಐದಾರು ಕಿಲೋ ಭಾರ ಎಳೆದಷ್ಟು ಬಿಗಿಯಾದ ಟ್ರಿಗ್ಗರೇ ಅದಕ್ಕಿರುವ ಮುಖ್ಯ ತಡೆ. ಬೆರಳಿಗೆ ಕಷ್ಟವೆಂದು ಒಳಗಿನ ಸ್ಪ್ರಿಂಗ್ ಬದಲಿಸಿ ಆ ತಡೆಯನ್ನೂ ಸಡಿಲಿಸುವವರಿದ್ದಾರೆ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮಗೊಂದು ವಿಷಯ ಸ್ಪಷ್ಟವಾಗುತ್ತದೆ. ಬಟ್ಟೆಗೆ ಸಿಕ್ಕದಂತೆ, ಕಣ್ಣಿಗೆ ಬೀಳದಂತೆ, ಭಾರವೆನಿಸದಂತೆ ಮಾಡುವ ಈ ಸಿದ್ಧತೆಯ ಬಹುಪಾಲು ತಡೆಗಳನ್ನು ಒಂದೊಂದಾಗಿ ಕಿತ್ತುಹಾಕುವ ಕೆಲಸ. ಕೋಪಕ್ಕೂ ಕೊಲೆಗೂ ನಡುವೆ ಕೆಲವು ತಡೆಗಳಿರುತ್ತವೆ. ಜಗಳವಾಡಿದವನು ಆಯುಧಕ್ಕಾಗಿ ಮನೆಯವರೆಗೆ ನಡೆಯಬೇಕು. ದಾರಿಯಲ್ಲಿ ಯಾರಾದರೂ ಅವನ ಕೈ ಹಿಡಿದು ನಿಲ್ಲಿಸಬಹುದು. ಮನೆ ಮುಟ್ಟುವಷ್ಟರಲ್ಲಿ ಕೋಪವೇ ಇಳಿದಿರಬಹುದು. ಆಯುಧ ಜೇಬಿನಲ್ಲೇ ಇದ್ದರೆ ಇವು ಯಾವುವೂ ಇಲ್ಲ. ಆಗ ಉಳಿಯುವ ಒಂದೇ ತಡೆ ಅವನ ಮನಸ್ಸಿನೊಳಗಿನದು. ಅದು ಎಷ್ಟು ಗಟ್ಟಿ ಎಂದು ಪರೀಕ್ಷಿಸುವ ಅಂಗಡಿ ಯಾವುದಿದೆ?

ಕಾನೂನಿನ ತಡೆಗಳೂ ಇದೇ ದಾರಿ ಹಿಡಿದಿವೆ. ನ್ಯೂಯಾರ್ಕ್ ರಾಜ್ಯವು 1911ರ ಸಲಿವನ್ ಕಾಯ್ದೆಯ ಮೂಲಕ ಅಡಗಿಸಬಹುದಾದ ಕೈಕೋವಿಗಳಿಗೆ ಪರವಾನಗಿ ಕಡ್ಡಾಯ ಮಾಡಿತ್ತು. ಅವನ್ನು ಅಡಗಿಸಿ ಒಯ್ಯಬೇಕಾದರೆ ವಿಶೇಷ ಕಾರಣ ತೋರಿಸಬೇಕೆಂಬ ಅಲ್ಲಿನ ನಿಯಮವನ್ನು 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಇಂದು ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ, ಕೋವಿ ಹೊಂದಲು ಅರ್ಹರಾದ ವಯಸ್ಕರು ಅದನ್ನು ಅಡಗಿಸಿ ಒಯ್ಯಲು ಪರವಾನಗಿಯನ್ನೇ ಪಡೆಯಬೇಕಾಗಿಲ್ಲ.

ಇಷ್ಟು ಹೇಳಿ ಮುಗಿಸಿಬಿಟ್ಟರೆ ನಾವು ನ್ಯಾಯವಾಗಿ ನಡೆದುಕೊಂಡಂತಾಗುವುದಿಲ್ಲ. ಭಯಪಡುವವರನ್ನು ಗೇಲಿ ಮಾಡುವುದು ಸುಲಭ. ಬಿಟ್ಟು ಬಂದ ಗಂಡ ಬೆನ್ನು ಹತ್ತಿದ್ದಾನೆ, ಪೊಲೀಸ್ ಠಾಣೆ ಇಪ್ಪತ್ತು ಮೈಲಿ ದೂರದಲ್ಲಿದೆ ಎನ್ನುವ ಹೆಣ್ಣುಮಗಳಿಗೆ 'ತಾಳ್ಮೆ ಇರಲಿ' ಎಂದು ನಾವು ಹೇಗೆ ಹೇಳೋಣ? ತನ್ನ ಜೀವ ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ನಮ್ಮ ದೇಶವೂ ಈ ಪ್ರಶ್ನೆಯನ್ನು ಎದುರಿಸಿದೆ. 2012ರ ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ ಚಿಕ್ಕ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ. ಬೆಲೆ 1.22 ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಮಾರಿದರು. ರಾತ್ರಿ ಬಸ್ಸಿಗೆ ಕಾಯುವ ಹುಡುಗಿಗೆ ಆ ಬೆಲೆ ಎಟಕುವಂತಿತ್ತೇ? ಕೋವಿಗಿಂತ ಮೊದಲು ಅವಳಿಗೆ ಬೇಕಾಗಿದ್ದುದು ನಂಬಿ ಹತ್ತಬಹುದಾದ ಒಂದು ಬಸ್ಸಲ್ಲವೇ?

ಅಪರಿಚಿತನಿಂದ ಕಾಪಾಡಲೆಂದು ತಂದ ಕೋವಿ ನಿಜಕ್ಕೂ ಯಾರತ್ತ ತಿರುಗುತ್ತದೆ ಎಂಬುದನ್ನೂ ನೋಡಬೇಕು. 2021ರಲ್ಲಿ ಅಮೆರಿಕದಲ್ಲಿ ಕೋವಿಯಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗಾಗಿ ಕಾಯುತ್ತಿದ್ದ ಕೋವಿಗೆ ಮನೆಯವರ ಹತಾಶೆಯ ಒಂದು ಗಳಿಗೆ ಸಿಕ್ಕಿಬಿಡುತ್ತದೆ. ಆ ಒಂದು ಗಳಿಗೆ ದಾಟಿದ್ದರೆ ಬದುಕಿ ಉಳಿಯುತ್ತಿದ್ದವರು ಅವರಲ್ಲಿ ಎಷ್ಟು ಮಂದಿಯೋ!

ಇನ್ನೊಂದು ಘಟನೆ ನಮ್ಮನ್ನು ಇಂದಿಗೂ ಕಾಡುತ್ತದೆ. ಉತ್ತರ ಕೆರೋಲಿನಾದ ಚಾಪೆಲ್ ಹಿಲ್ ಎಂಬ ಊರಿನಲ್ಲಿ 2015ರ ಫೆಬ್ರವರಿ 10ರಂದು ದಿಯಾ ಬರಕಾತ್, ಅವರ ಪತ್ನಿ ಯುಸೂರ್ ಅಬೂ ಸಲ್ಹಾ ಮತ್ತು ಯುಸೂರ್‌ರ ತಂಗಿ ರಝಾನ್ ಅಬೂ ಸಲ್ಹಾ ತಮ್ಮ ಮನೆಯಲ್ಲೇ ಕೊಲೆಯಾದರು. ದಿಯಾಗೆ 23 ವರ್ಷ, ರಝಾನ್‌ಗೆ 19. ಕೊಂದವನು ನೆರೆಮನೆಯವನು. ಕೋವಿ ಅಡಗಿಸಿ ಒಯ್ಯುವ ಪರವಾನಗಿ ಅವನ ಬಳಿಯಿತ್ತು. ಕೆಲವೇ ವಾರಗಳ ಹಿಂದೆ ಅವನು ತನ್ನ ಗುಂಡು ತುಂಬಿದ ರಿವಾಲ್ವರನ್ನು ಚೀಲ ಸಮೇತ ತಕ್ಕಡಿಯ ಮೇಲಿಟ್ಟು, ಅದರ ತೂಕ ಕಾಣುವಂತೆ ಚಿತ್ರ ತೆಗೆದು ಎಲ್ಲರಿಗೂ ತೋರಿಸಿದ್ದ. ವಾಹನ ನಿಲ್ಲಿಸುವ ಜಾಗದ ಜಗಳವೇ ಕಾರಣವೆಂದು ಪೊಲೀಸರು ಮೊದಲು ಹೇಳಿದರು. ದ್ವೇಷವೇ ಕಾರಣವೆಂದು ಮಕ್ಕಳನ್ನು ಕಳೆದುಕೊಂಡವರು ಹೇಳಿದರು. 2019ರಲ್ಲಿ ಅವನು ತಪ್ಪೊಪ್ಪಿಕೊಂಡ. ಮೂರು ಜೀವಾವಧಿ ಶಿಕ್ಷೆಗಳಾದವು. ಕೊಂದದ್ದು ಯಾವ ಕೋವಿ ಎಂಬುದು ಇಲ್ಲಿ ಮುಖ್ಯವಲ್ಲ. ಆಯುಧದ ತೂಕವನ್ನು ಅಷ್ಟು ಕರಾರುವಾಕ್ಕಾಗಿ ಅಳೆದವನು ನೆರೆಯವರ ಜೀವದ ತೂಕವನ್ನು ಅಳೆಯಲಿಲ್ಲವಲ್ಲ ಎಂಬುದೇ ನಮ್ಮ ಸಂಕಟ.

ಅಡಗಿಸಿಟ್ಟ ಆಯುಧದ ನೈತಿಕ ತೊಡಕು ಇಲ್ಲಿಯೇ ಇದೆ. ಇಬ್ಬರು ಮಾತಾಡುತ್ತಿರುವಾಗ ಒಬ್ಬನಿಗೆ ಮಾತ್ರ ಗೊತ್ತು, ಈ ಮಾತು ಕೆಟ್ಟರೆ ತನ್ನ ಬಳಿ ಏನಿದೆ ಎಂದು. ಇನ್ನೊಬ್ಬನು ಎಂದಿನಂತೆ ದನಿಯೇರಿಸುತ್ತಾನೆ, ಎಂದಿನಂತೆ ಹಟ ಹಿಡಿಯುತ್ತಾನೆ. ತನ್ನ ಜೀವ ಪಣಕ್ಕಿದೆ ಎಂಬ ಅರಿವೇ ಅವನಿಗಿಲ್ಲ. ಆದ್ದರಿಂದ ಅವನ ಪಾಲಿನ ಎಚ್ಚರವನ್ನೂ ಆಯುಧ ಇದ್ದವನೇ ಹೊರಬೇಕಾಗುತ್ತದೆ. ಅಮೆರಿಕದ ಒಳ್ಳೆಯ ತರಬೇತುದಾರರೂ ಇದನ್ನೇ ಕಲಿಸುತ್ತಾರೆ: ಕೋವಿ ಇಟ್ಟುಕೊಂಡವನು ಜಗಳಕ್ಕೆ ನಿಲ್ಲಬಾರದು, ಅವಮಾನವನ್ನು ನುಂಗಿ ಹೊರಟುಹೋಗಬೇಕು, ದಾರಿ ಬಿಟ್ಟುಕೊಡಬೇಕು. ಬರಿಗೈಯವನಿಗಿಂತ ಹೆಚ್ಚು ವಿನಯ ಅವನಿಗೆ ಬೇಕು. ಆದರೆ ಅಷ್ಟು ವಿನಯವುಳ್ಳವರು ಎಷ್ಟು ಜನ? ಭಯದಿಂದ ಆಯುಧ ಹಿಡಿದವನಲ್ಲಿ ಅದು ತಾನಾಗಿ ಬರುತ್ತದೆಯೇ?

ಹಿಡಿ ಮರದ್ದಿರಲಿ, ರಬ್ಬರಿನದ್ದಿರಲಿ, ಅದನ್ನು ಅಂಗಡಿಯಲ್ಲಿ ಆರಿಸಿಕೊಳ್ಳಬಹುದು. ಮನಸ್ಸಿನ ಹಿಡಿತ ಅಲ್ಲಿ ಸಿಗುವುದಿಲ್ಲ. ಅದನ್ನು ಮನೆಯಲ್ಲಿ, ನೆರೆಹೊರೆಯಲ್ಲಿ, ಬಾಲ್ಯದಿಂದಲೇ ಕಲಿಯಬೇಕು. ನೆರೆಯವನ ಹೆಸರು, ಅವನ ಮಕ್ಕಳ ಹೆಸರು ಗೊತ್ತಿರುವಲ್ಲಿ ಭಯ ತುಸು ಕಡಿಮೆಯಾದೀತು. ಹಾಗೆ ಕಡಿಮೆಯಾದ ಭಯವನ್ನು ಯಾವ ಜೇಬಿನಲ್ಲೂ ಅಡಗಿಸಬೇಕಾಗಿಲ್ಲ.