ಆರು ನಿಮಿಷದ ಪಾಠ, ಅಭ್ಯಾಸದ ಮೆಚ್ಚುಗೆ

ಸಂಗೀತಗಾರನು ಸ್ವರವನ್ನು ಅಭ್ಯಾಸ ಮಾಡುತ್ತಾನೆ. ಬಡಗಿಯು ಉಳಿಯ ಹಿಡಿತವನ್ನು ಅಭ್ಯಾಸ ಮಾಡುತ್ತಾನೆ. ಇದರಲ್ಲಿ ಯಾರೂ ತಪ್ಪು ಕಾಣುವುದಿಲ್ಲ. ಆದರೆ ಇನ್ನೊಬ್ಬರನ್ನು ಮೆಚ್ಚುವುದನ್ನು, ಅವರತ್ತ ಮುಗುಳ್ನಗುವುದನ್ನು ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಬಹುದೇ? ಹಾಗೆ ಕಲಿತ ಮೆಚ್ಚುಗೆಯು ನಿಜವಾದದ್ದೇ, ಇಲ್ಲವೇ ನಯವಾದ ನಟನೆಯೇ? ಶಿಕ್ಷಕರಾಗಲು ಹೊರಟವರು ಎದುರಿಸಬೇಕಾದ ಈ ಪ್ರಶ್ನೆಯು ಮಕ್ಕಳನ್ನು ಶಾಲೆಗೆ ಕಳುಹಿಸುವ ನಮಗೂ ಸಂಬಂಧಿಸಿದ್ದು.

ಬಿ.ಎಡ್. ಓದುವ ಮಗನೋ ಮಗಳೋ ಇರುವ ಮನೆಗಳಲ್ಲಿ ‘ಮೈಕ್ರೋ ಟೀಚಿಂಗ್’ ಎಂಬ ಮಾತು ಪರಿಚಿತ. ಕನ್ನಡದಲ್ಲಿ ಇದು ಸೂಕ್ಷ್ಮಬೋಧನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರ ಸುಮಾರಿಗೆ ಡ್ವೈಟ್ ಆಲೆನ್ ಮತ್ತು ಅವರ ಸಹೋದ್ಯೋಗಿಗಳು ಈ ವಿಧಾನವನ್ನು ರೂಪಿಸಿದರು. ಭಾರತದಲ್ಲಿ 1967ರಲ್ಲಿ ಅಲಹಾಬಾದಿನಲ್ಲಿ ಡಿ.ಡಿ. ತಿವಾರಿಯವರು ಇದನ್ನು ಪ್ರಯತ್ನಿಸಿದರು. ಮುಂದಿನ ದಶಕದಲ್ಲಿ ಎನ್‌.ಸಿ.ಇ.ಆರ್‌.ಟಿ.ಯು ಇದಕ್ಕೆ ನಮ್ಮ ದೇಶಕ್ಕೆ ಹೊಂದುವ ರೂಪ ಕೊಟ್ಟಿತು. ಒಂದೇ ಒಂದು ಕೌಶಲವನ್ನು ಆರಿಸಿಕೊಂಡು 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ: ಹೀಗೆ 36 ನಿಮಿಷಗಳ ಒಂದು ಸುತ್ತು. ಎದುರಿಗೆ ಐದರಿಂದ ಹತ್ತು ‘ವಿದ್ಯಾರ್ಥಿಗಳು’. ನಮ್ಮಲ್ಲಿ ಸಾಮಾನ್ಯವಾಗಿ ಆ ಮಕ್ಕಳ ಪಾತ್ರವನ್ನು ವಹಿಸುವವರು ಸಹಪಾಠಿಗಳೇ; ಗಮನಿಸಿ ಗುರುತು ಹಾಕುವವರಲ್ಲಿಯೂ ಸಹಪಾಠಿಗಳಿರುತ್ತಾರೆ.

ಪಾಠವನ್ನು ಪೀಠಿಕೆಯಿಂದ ಆರಂಭಿಸುವುದು, ವಿವರಿಸುವುದು, ಪ್ರಶ್ನಿಸುವುದು, ಕಪ್ಪುಹಲಗೆಯನ್ನು ಬಳಸುವುದು ಮುಂತಾದ ಕೌಶಲಗಳ ಸಾಲಿನಲ್ಲಿ ಪುನರ್ಬಲನ ಎಂಬುದೂ ಒಂದು. ಉತ್ತರ ಕೊಟ್ಟವರಿಗೆ ‘ಒಳ್ಳೆಯದು’, ‘ಭೇಷ್’ ಎನ್ನುವುದು, ತಲೆದೂಗುವುದು, ಅವರ ಉತ್ತರವನ್ನು ಹಲಗೆಯ ಮೇಲೆ ಬರೆಯುವುದು ಇದರ ಅಂಗಗಳು. ಹಿಂದಿನ ಬೆಂಚಿನಲ್ಲಿ ಕುಳಿತವರು ಪ್ರತಿಯೊಂದಕ್ಕೂ ಅವಲೋಕನ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಮೆಚ್ಚುಗೆಯು ಲೆಕ್ಕಕ್ಕೆ ಇಳಿಯುತ್ತದೆ. ಸೂಕ್ಷ್ಮ ಮನಸ್ಸಿನ ಯುವಕರಿಗೆ ಇದು ಕಸಿವಿಸಿಯುಂಟುಮಾಡಿದರೆ ಆಶ್ಚರ್ಯವಿಲ್ಲ.

ಆದರೂ ಇದನ್ನು ಸುಳ್ಳೆಂದು ತಳ್ಳಿಬಿಡುವುದು ಅವಸರದ ತೀರ್ಮಾನ. ಮನೆಗೆ ಬಂದ ಹಿರಿಯರಿಗೆ ಕೈಮುಗಿ ಎಂದು ಎರಡು ವರ್ಷದ ಮಗುವಿಗೆ ನಾವು ಹೇಳಿಕೊಡುತ್ತೇವೆ. ಆ ಮಗುವಿನಲ್ಲಿ ಗೌರವವೆಂಬ ಭಾವ ಇನ್ನೂ ಮೊಳೆತಿಲ್ಲ. ಆದರೆ ಕೈಗಳು ಮೊದಲು ಕಲಿತದ್ದನ್ನು ಮನಸ್ಸು ನಿಧಾನವಾಗಿ ಬಂದು ಸೇರುತ್ತದೆ. ಹೊಸ ಶಿಕ್ಷಕಿಯ ಸ್ಥಿತಿಯೂ ಹೀಗೆಯೇ. ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿರುವಾಗ ಅವಳ ಗಮನವೆಲ್ಲ ತನ್ನ ಮೇಲೆಯೇ ಇರುತ್ತದೆ. ದನಿ, ನಿಲುವು, ಮಾತಿನ ಓಟ ಅಭ್ಯಾಸದಿಂದ ಒಗ್ಗಿದ ಮೇಲೆಯೇ ಅವಳ ಕಣ್ಣು ಬಿಡುವಾಗಿ ಮಗುವಿನತ್ತ ಹೊರಳುತ್ತದೆ.

ಹಾಗಾದರೆ ಅಪಾಯವಿರುವುದು ಎಲ್ಲಿ? ಮಗುವಿನ ಪಾತ್ರದಲ್ಲಿರುವ ಗೆಳತಿಗೆ ಉತ್ತರ ಮೊದಲೇ ಗೊತ್ತಿದೆ. ಅವಳು ಸರಿಯಾದ ಉತ್ತರವನ್ನು ಥಟ್ಟನೆ ಕೊಡುತ್ತಾಳೆ, ಮೆಚ್ಚುವುದು ಸುಲಭವಾಗುತ್ತದೆ. ಗಮನಿಸುವ ಗೆಳೆಯನೂ ‘ಇಂದು ನಾನು ನಿನಗೆ, ನಾಳೆ ನೀನು ನನಗೆ’ ಎಂದು ಧಾರಾಳವಾಗಿ ಗೆರೆ ಎಳೆದರೆ ಎಲ್ಲರಿಗೂ ಅಂಕ ಬರುತ್ತದೆ. ಇದು ಸ್ನೇಹದಂತೆ ಕಾಣುತ್ತದೆ. ಆದರೆ ಈ ದಾಕ್ಷಿಣ್ಯದ ಬೆಲೆಯನ್ನು ಮುಂದೆ ತೆರುವವರು ಆ ಕೋಣೆಯಲ್ಲಿ ಇಲ್ಲದ ಮಕ್ಕಳು.

ಆ ಮಕ್ಕಳು ಯಾರೆಂದು ತಿಳಿಯಲು ನಮ್ಮ ಊರಿನ ಬೀದಿಗಳನ್ನು ನೆನೆದರೆ ಸಾಕು. ಹಲಸೂರಿನಲ್ಲಿ ತಮಿಳು ಮನೆಮಾತಿನ ಮಗುವೊಂದು ಹಾಲಿನ ಚಿತ್ರ ನೋಡಿ ‘ಪಾಲು’ ಎನ್ನಬಹುದು. ಶಿವಾಜಿನಗರದಲ್ಲಿ ಉರ್ದು ಮನೆಮಾತಿನ ಹುಡುಗನು ‘ಬಸ್ಸು ಬಂದಳು’ ಎನ್ನಬಹುದು; ಅವನ ಭಾಷೆಯಲ್ಲಿ ಬಸ್ಸು ಸ್ತ್ರೀಲಿಂಗ. ರಾಯಚೂರು, ಕಲಬುರಗಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಕೃಷ್ಣರಾಜಪುರಕ್ಕೆ ಬಂದವರ ಮಗಳು ‘ಹೊಂಟೀನಿ’ ಎಂದಾಗ ಅವಳು ಆಡುತ್ತಿರುವುದು ಕನ್ನಡವನ್ನೇ, ಆದರೆ ಪಠ್ಯಪುಸ್ತಕದ ಕನ್ನಡವನ್ನಲ್ಲ.

ಇವರಿಗೆ ಬಾಯಿಪಾಠದ ‘ಭೇಷ್’ ಸಲ್ಲದು, ತಪ್ಪನ್ನು ಸರಿಯೆಂದಂತಾಗುತ್ತದೆ. ಬರಿಯ ‘ತಪ್ಪು’ ಎಂಬ ಮಾತೂ ಅರ್ಧಸತ್ಯವೇ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹುಲಿಯು ‘ಪುಲಿ’ಯಾಗಿತ್ತು, ಹೂವು ‘ಪೂ’ ಆಗಿತ್ತು. ಇದನ್ನು ಬಲ್ಲ ಶಿಕ್ಷಕಿಯು ‘ನೀನು ಹೇಳಿದ್ದು ನಮ್ಮ ಹಳೆಯ ಕನ್ನಡದ ಪದ, ಈಗ ನಾವು ಹಾಲು ಎನ್ನುತ್ತೇವೆ’ ಎಂದು ಹೇಳಬಲ್ಲಳು. ಆ ಮೆಚ್ಚುಗೆಯಲ್ಲಿ ನಟನೆಯಿಲ್ಲ, ತಿದ್ದುವಿಕೆಯಲ್ಲಿ ಅವಮಾನವಿಲ್ಲ. ಮೆಚ್ಚುಗೆಯು ನಿಜವಾಗುವುದು ಅದು ಎದುರಿಗಿರುವ ಮಗುವನ್ನು ನೋಡಿ ಹುಟ್ಟಿದಾಗ. ಗೆಳತಿಯು ಅಭ್ಯಾಸದ ಪಾಠದಲ್ಲಿಯೇ ‘ಪಾಲು’ ಎಂದು ಉತ್ತರಿಸಿ ಅವಳನ್ನು ತಡವರಿಸುವಂತೆ ಮಾಡಿದ್ದರೆ, ಅದೇ ದೊಡ್ಡ ಉಪಕಾರ.

‘ನಮ್ಮ ಮಕ್ಕಳ ಮೇಲೇಕೆ ಈ ಪ್ರಯೋಗ?’ ಎಂದು ತರಬೇತಿಯ ಶಿಕ್ಷಕರು ಶಾಲೆಗೆ ಬಂದಾಗ ಪೋಷಕರು ಕೇಳುವುದುಂಟು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಎರಡು ವರ್ಷದ ಬಿ.ಎಡ್. ಶಿಕ್ಷಣಕ್ಕೆ ಕನಿಷ್ಠ 20 ವಾರಗಳ ಶಾಲಾ ಅನುಭವವನ್ನು ಗೊತ್ತುಪಡಿಸಿತು. ಅಷ್ಟು ವಾರಗಳು ಯಾರದೋ ಮಕ್ಕಳ ನಡುವೆಯೇ ಕಳೆಯಬೇಕು. ಪೋಷಕರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಸೂಕ್ಷ್ಮಬೋಧನೆಯಲ್ಲಿಯೇ ಇದೆ. ಮೊದಲ ತಪ್ಪುಗಳು ಮಕ್ಕಳೆದುರು ಆಗದೆ, ಒಪ್ಪಿ ಕುಳಿತ ವಯಸ್ಕರೆದುರು ಆಗಿ ಹೋಗಲೆಂಬುದೇ ಅದರ ನೈತಿಕ ಆಧಾರ. ಆ ತಪ್ಪುಗಳನ್ನು ಅಲ್ಲಿ ಮುಚ್ಚಿಟ್ಟರೆ ಅವು ತರಗತಿಯವರೆಗೂ ಹಿಂಬಾಲಿಸುತ್ತವೆ, ಆಗ ಪೋಷಕರ ದೂರು ನಿಜವಾಗುತ್ತದೆ.

ಆದ್ದರಿಂದ ಆ 36 ನಿಮಿಷಗಳಲ್ಲಿ ಹೆಚ್ಚು ಬೆಲೆಬಾಳುವುದು ಮರುಪಾಠ. ಈಗತಾನೇ ಕೇಳಿದ ಟೀಕೆಯನ್ನು ನುಂಗಿಕೊಂಡು, ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ನಿಲ್ಲುವುದು ಸಣ್ಣ ಮಾತಲ್ಲ. ತಿದ್ದಿಸಿಕೊಳ್ಳುವುದು ಹೇಗಿರುತ್ತದೆಂದು ಬಲ್ಲವರು ಮಗುವನ್ನು ತಿದ್ದುವಾಗ ಮೆದುವಾಗಿರಬಲ್ಲರು.

ನಮ್ಮ ಮನೆಗಳಲ್ಲಿಯೂ ಇದಕ್ಕೆ ಅವಕಾಶವಿದೆ. ನಾಳೆಯ ಪಾಠವನ್ನು ಮಗಳು ಊಟದ ಮೇಜಿನ ಬಳಿ ಹೇಳಿ ನೋಡುವಾಗ, ಎಲ್ಲಕ್ಕೂ ತಲೆದೂಗಿ ಕಳುಹಿಸದೆ, ಅರ್ಥವಾಗದ ಕಡೆ ‘ಅರ್ಥವಾಗಲಿಲ್ಲ’ ಎನ್ನೋಣ. ಅವಳಿಗೆ ಆ ಕ್ಷಣ ಬೇಸರವಾದೀತು. ಆದರೆ ಅದೇ ಪ್ರಶ್ನೆಯನ್ನು ಕೇಳಲು ಧೈರ್ಯವಿಲ್ಲದೆ ಹಿಂದಿನ ಸಾಲಿನಲ್ಲಿ ಕೂರುವ ಮಗುವಿನ ಪರವಾಗಿ ನಾವು ಕೇಳಿದಂತಾಗುತ್ತದೆ.