ಇಬ್ಬರಿಗೂ ಗೊತ್ತಿಲ್ಲದ ಊರು

ಮಧುಚಂದ್ರ ಎನ್ನುವ ಮಾತು ಇಂಗ್ಲಿಷಿನ ಹನಿಮೂನನ್ನು ಹಾಗೆಯೇ ನಮ್ಮ ಕಡೆಗೆ ತಿರುಗಿಸಿಕೊಂಡದ್ದು. ಮರಾಠಿಯವರೂ ಅದನ್ನೇ ಹೇಳುತ್ತಾರೆ. ನನ್ನ ಅಮ್ಮನ ಬಾಯಲ್ಲಿ ಈ ಶಬ್ದವನ್ನು ನಾನು ಒಂದು ದಿನವೂ ಕೇಳಿದ್ದಿಲ್ಲ. ಅವರ ಕಾಲದಲ್ಲಿ ಮದುವೆಯಾದ ಮೇಲೆ ಹೊಸ ಜೋಡಿ ಹೋಗುತ್ತಿದ್ದದ್ದು ಮನೆದೇವರ ದರ್ಶನಕ್ಕೆ, ಅಲ್ಲಿಂದ ಧರ್ಮಸ್ಥಳಕ್ಕೋ ಕೊಲ್ಲೂರಿಗೋ. ಜೊತೆಗೆ ಅತ್ತೆ, ಮಾವ, ಒಬ್ಬಳು ನಾದಿನಿ, ಅವಲಕ್ಕಿಯ ಡಬ್ಬಿ. ಆ ಪ್ರಯಾಣದಲ್ಲಿ ದಾರಿ ಎಲ್ಲರಿಗೂ ಗೊತ್ತಿರುತ್ತಿತ್ತು, ಮದುಮಗಳೊಬ್ಬಳಿಗೆ ಬಿಟ್ಟು.

ಈಗಿನ ಮಕ್ಕಳು ಹೋಗುವುದು ಗಂಡಿಗೂ ಗೊತ್ತಿಲ್ಲದ, ಹೆಣ್ಣಿಗೂ ಗೊತ್ತಿಲ್ಲದ ದೇಶಕ್ಕೆ. ಮಾರಿಷಸ್, ಬಾಲಿ, ಮಾಲ್ದೀವ್ಸ್, ಕೈಯಲ್ಲಿ ಇನ್ನೂ ನಾಲ್ಕು ಕಾಸು ಇದ್ದರೆ ಸ್ವಿಟ್ಜರ್ಲೆಂಡ್. ದುಂದು ಅಂತ ಬೈಯುವವರು ನಮ್ಮ ಬಳಗದಲ್ಲೇ ಬೇಕಷ್ಟು ಜನ ಇದ್ದಾರೆ. ಅವರು ದುಡಿದ ದುಡ್ಡು, ಅವರ ಖರ್ಚು; ಸಾಲ ಮಾಡಿ ಹೋಗುವುದಕ್ಕೆ ಮಾತ್ರ ನನ್ನ ವಿರೋಧವಿದೆ, ಅದು ಬೇರೆ ಮಾತು. ನನ್ನ ತಲೆ ತಿನ್ನುವ ಪ್ರಶ್ನೆ ಇಷ್ಟೇ: ಇಬ್ಬರೂ ಕಾಣದ ಊರನ್ನು ಇಬ್ಬರಿಗಾಗಿ ಆರಿಸುವವರು ಯಾರು? ಒಬ್ಬರೇ ಆರಿಸಿ ಇನ್ನೊಬ್ಬರ ಕೈಗಿತ್ತರೆ ಅದು ಪ್ರೀತಿಯೋ, ಯಜಮಾನಿಕೆಯೋ?

ಮುಂಬಯಿಯಲ್ಲಿ ನಮ್ಮ ತಲೆಮಾರಿನ ಮಧುಚಂದ್ರದ ಕತೆಯೇ ಬೇರೆ. ಚಾಳಿನ ಒಂದು ಖೋಲಿ, ಅದರಲ್ಲಿ ಐದಾರು ಜನ. ಹೊಸದಾಗಿ ಮದುವೆಯಾದವರಿಗಾಗಿ ಮನೆಯ ಹಿರಿಯರು ಗ್ಯಾಲರಿಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದರು, ಇಲ್ಲವೆ ಕಾರಣವಿಲ್ಲದೆ ರಾತ್ರಿ ಸಿನಿಮಾಕ್ಕೆ ಹೋಗುತ್ತಿದ್ದರು. ಮಾಥೇರಾನ್, ಮಹಾಬಳೇಶ್ವರಗಳು ಆಗ ಶೋಕಿ ಅಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಸಾಗರದಿಂದ ಡೊಂಬಿವಲಿಗೆ ಮದುವೆಯಾಗಿ ಬಂದ ನನ್ನನ್ನೂ ನಮ್ಮವರು ಮೂರು ದಿನಕ್ಕೆ ಮಾಥೇರಾನಿಗೆ ಕರೆದುಕೊಂಡು ಹೋಗಿದ್ದರು. ನೇರಳದಿಂದ ಪುಟ್ಟ ರೈಲು, ಮೇಲೆ ಮೋಟಾರು ವಾಹನಗಳಿಗೆ ಪ್ರವೇಶವೇ ಇಲ್ಲ, ಕೆಂಪು ಮಣ್ಣಿನ ದಾರಿ, ಕುದುರೆಗಳು. ಮಣ್ಣು ನೋಡಿ ನನಗೆ ಊರೇ ನೆನಪಾಯಿತು. ನಮ್ಮವರು ಆಫೀಸಿನ ಗೆಳೆಯರ ಜೊತೆ ಮೊದಲೇ ಎರಡು ಸಲ ಹೋಗಿದ್ದವರು. ಯಾವ ಪಾಯಿಂಟಿಗೆ ಎಷ್ಟು ಗಂಟೆಗೆ ಹೋಗಬೇಕು, ಎಲ್ಲಿ ನಿಂತರೆ ಏನು ಕಾಣುತ್ತದೆ, ಎಲ್ಲ ಬಾಯಿಪಾಠ. ಅವರು ತೋರಿಸಿದ್ದನ್ನು ನಾನು ನೋಡಿದೆ. ಸುಖವಾಗಿಯೇ ಇತ್ತು ಅನ್ನಿ. ಆದರೆ ಅವರು ಬಲಕ್ಕೆ ಕೈತೋರಿಸಿದಾಗ ಎಡಕ್ಕೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅವರಿಗೆ ಹಿಂದಿ ಬರುತ್ತಿತ್ತು, ಮರಾಠಿ ಬರುತ್ತಿತ್ತು, ರೈಲಿನ ಟೈಮು ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅವರೊಬ್ಬರೇ, ಅದೂ ಹನ್ನೆರಡು ದಿನದಿಂದ.

ಹೊರನಾಡಿನ ಬಗ್ಗೆ ಬರೆಯುವ ನಮ್ಮ ಗಂಡಸರು ಊರು ಬಿಟ್ಟ ನೋವನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಒಂದು ಸಣ್ಣ ವಿಷಯ ಅವರಿಗೆ ಹೊಳೆಯುವುದಿಲ್ಲ. ಅವರು ಊರು ಬಿಟ್ಟದ್ದು ಕೆಲಸಕ್ಕೆ, ಹೆಂಡತಿ ಊರು ಬಿಟ್ಟದ್ದು ಅವರಿಗೆ. ಅವಳು ಪಕ್ಕದ ತಾಲೂಕಿಗೆ ಮದುವೆಯಾಗಿ ಹೋಗಿದ್ದರೂ ಹೊರನಾಡಿನವಳೇ ಆಗುತ್ತಿದ್ದಳು. ಮುಂಬಯಿಗೆ, ಪುಣೆಗೆ ಬಂದವಳು ಎರಡು ಪಟ್ಟು ಹೊರಗಿನವಳು: ಊರೂ ಅವಳದಲ್ಲ, ಮನೆಯೂ ಅವಳದಲ್ಲ. ಎಣ್ಣೆಯ ಡಬ್ಬಿ ಎಲ್ಲಿದೆ ಅಂತ ಕೇಳಿಯೇ ಒಗ್ಗರಣೆ ಹಾಕಬೇಕು.

ಆದ್ದರಿಂದಲೇ ಇಬ್ಬರಿಗೂ ಗೊತ್ತಿಲ್ಲದ ದೇಶ ಅಂದರೆ ನನಗೆ ಬೇರೆಯೇ ಏನೋ ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಗಂಡನೂ ಹೊಸಬ, ಹೆಂಡತಿಯೂ ಹೊಸಬಳು, ಇಬ್ಬರೂ ಒಟ್ಟಿಗೆ ದಾರಿ ಕೇಳಬೇಕಾದ ಜಾಗ ಅದೊಂದೇ. ಅಲ್ಲಿ ಯಾರೂ ಯಾರಿಗೂ ಅತಿಥಿಯಲ್ಲ. ವಾಪಸು ಬಂದ ಮೇಲೆ ಅವನ ಊರಿದೆ, ಅವನ ಮನೆಯಿದೆ, ಅವನ ಅಮ್ಮನ ಡಬ್ಬಿಗಳಿವೆ. ಆ ಎಂಟು ದಿನದ ಸರಿಸಮಾನತೆ ಮತ್ತೆ ಸಿಗಲಿಕ್ಕೆ ಕೆಲವರಿಗೆ ಇಪ್ಪತ್ತು ವರ್ಷ ಬೇಕಾಗುತ್ತದೆ.

ಇಷ್ಟೆಲ್ಲ ಯೋಚಿಸುವಂತೆ ಮಾಡಿದವನು ಪುಣೆಯಲ್ಲಿರುವ ನನ್ನ ತಂಗಿಯ ಮಗ. ಕಂಪ್ಯೂಟರ್ ಕೆಲಸ. ಅವನಿಗೆ ನವೆಂಬರಿನಲ್ಲಿ ಮದುವೆ ಅಂತ ಗೊತ್ತಾಗಿತ್ತು. ಹುಡುಗಿ ಉಡುಪಿಯ ಕಡೆಯವಳು. ಒಂದು ಭಾನುವಾರ ಮನೆಗೆ ಬಂದವನು ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ. ಡಿಸೆಂಬರಿನಲ್ಲಿ ಬಾಲಿ, ಎಂಟು ದಿನ. ಎಷ್ಟು ಗಂಟೆಗೆ ಏಳುವುದು, ಯಾವ ಕಡಲತೀರ, ಯಾವ ಹೋಟೆಲಿನಲ್ಲಿ ಊಟ, ಎಲ್ಲಿ ನಿಂತು ಫೋಟೋ, ಎಲ್ಲ ಗೆರೆ ಹೊಡೆದ ಚೌಕಗಳಲ್ಲಿ ಕೂತಿದ್ದವು.

"ದೊಡ್ಡಮ್ಮಾ, ಅವಳಿಗೆ ಏನೂ ಹೇಳ್ಬೇಡಿ, ಸರ್‌ಪ್ರೈಸು" ಅಂದ.

"ಅವಳ ಪಾಸ್‌ಪೋರ್ಟು?"

"ನಂಬರು ಅವಳ ತಮ್ಮನ ಹತ್ರ ತಗೊಂಡಿದೀನಿ. ಹೊರಡೋವಾಗ ಎರಡೂ ನನ್ನ ಬ್ಯಾಗಲ್ಲೇ ಇಟ್ಕೋತೀನಿ. ಅವಳು ಏನೂ ತಲೆ ಕೆಡಿಸ್ಕೊಳ್ಳೋದು ಬೇಡ."

ಹುಡುಗ ಒಳ್ಳೆಯವನು. ಆ ಚೌಕಗಳ ಹಿಂದೆ ಎಷ್ಟು ರಾತ್ರಿ ಕೂತಿದ್ದನೋ. ಆದರೂ "ಅವಳು ತಲೆ ಕೆಡಿಸಿಕೊಳ್ಳುವುದು ಬೇಡ" ಎಂಬ ಮಾತು ನನಗೆ ರುಚಿಸಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರಿಂದ ಎಷ್ಟೋ ಸಂಗತಿಗಳನ್ನು ಬಚ್ಚಿಟ್ಟದ್ದು ಇದೇ ಮೃದುವಾದ ಮಾತಿನಿಂದಲ್ಲವೆ?

ಉಡುಗೊರೆ ಕೊಡುವುದು ತಪ್ಪೇ ಅಂತ ನೀವು ಕೇಳಬಹುದು. ಅಲ್ಲ. ಹೇಳದೆ ಸೀರೆ ತಂದರೆ ಸಂತೋಷವೇ. ಬಣ್ಣ ಹಿಡಿಸದಿದ್ದರೆ ಒಂದು ಸಲ ಉಟ್ಟು ಬೀರುವಿನಲ್ಲಿ ಇಡಬಹುದು. ಊರನ್ನು ಬೀರುವಿನಲ್ಲಿ ಇಡಲಾಗುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅದರ ಒಳಗೇ ಇರಬೇಕು, ಅದರ ನೀರು ಕುಡಿಯಬೇಕು, ಅದರ ಬಿಸಿಲಿನಲ್ಲಿ ನಡೆಯಬೇಕು. ಬೇಡ ಅನ್ನಿಸಿದರೆ ಎದ್ದು ಹೊರಡಲಿಕ್ಕೆ ಪಾಸ್‌ಪೋರ್ಟು ಇನ್ನೊಬ್ಬರ ಚೀಲದಲ್ಲಿ. ಅವನು ಅದನ್ನು ಎಂದೂ ಹಿಡಿದಿಟ್ಟುಕೊಳ್ಳುವವನಲ್ಲ, ನಿಜ. ಆದರೆ ಇನ್ನೊಬ್ಬರ ಒಳ್ಳೆಯತನದ ಮೇಲೆಯೇ ನಿಂತಿರುವ ಸ್ವಾತಂತ್ರ್ಯ ಎಷ್ಟು ಸ್ವಾತಂತ್ರ್ಯ?

ಅವನ ಪಟ್ಟಿಯನ್ನು ನಾನು ಕನ್ನಡಕ ಹಾಕಿಕೊಂಡು ಕೂತು ಓದಿದೆ. ಆಮೇಲೆ ಬಾಲಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. (ಈ ವಯಸ್ಸಿನಲ್ಲಿ ಹೋಗುವುದಿಲ್ಲವಾದರೂ ಓದಲಿಕ್ಕೆ ಯಾವ ವೀಸಾ ಬೇಕು?) ಮೊದಲನೆಯದು ಮಳೆ. ಅಲ್ಲಿ ಮಳೆಗಾಲ ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚಿನವರೆಗೆ. ದೀಪಾವಳಿ ಕಳೆದು ನಮ್ಮಲ್ಲಿ ಲಗ್ನದ ಮುಹೂರ್ತಗಳು ಶುರುವಾಗುವ ಹೊತ್ತಿಗೆ ಅಲ್ಲಿ ಮೋಡ ಕಟ್ಟುತ್ತದೆ. ಒಣ ಹವೆ ಬೇಕಾದರೆ ಏಪ್ರಿಲಿನಿಂದ ಅಕ್ಟೋಬರ್. ಎರಡನೆಯದು ಊಟ. ಹುಡುಗಿಯ ಮನೆಯವರು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಟೆಂಪೆ ಅಂತ ಹುದುಗಿಸಿದ ಸೋಯಾಕಾಳಿನ ಬಿಲ್ಲೆ ಸಿಗುತ್ತದೆ, ತೋಫು ಧಾರಾಳ, ಆದರೆ ಬರೀ ತರಕಾರಿಯ ಪಲ್ಯ ಅಂದುಕೊಂಡದ್ದರಲ್ಲೂ ಸಾಂಬಾಲ್ ಸೇರಿರಬಹುದು, ಸಾಂಬಾಲಿನಲ್ಲಿ ತೆರಾಸಿ, ಅಂದರೆ ಸಿಗಡಿ ಹುದುಗಿಸಿ ಅರೆದದ್ದು. ಸಾಂಬಾಲ್ ಅನ್ನುವ ಹೆಸರು ನಮ್ಮ ಸಾಂಬಾರಿನ ಹಾಗೆ ಕೇಳಿಸುತ್ತದೆ, ಅಷ್ಟೇ.

ಈಗ ನೋಡಿ. ಮಳೆ ನಿನಗೆ ಇಷ್ಟವೋ, ಕಿರಿಕಿರಿಯೋ? ಮೀನು ಬೇಯಿಸುವ ಅಡಿಗೆಮನೆಯಲ್ಲಿ ಮಾಡಿದ್ದನ್ನು ತಿನ್ನುತ್ತೀಯೋ, ಇಲ್ಲವೋ? ಬೆಳಿಗ್ಗೆ ಬೇಗ ಏಳುವವಳೋ? ನೀರಿನ ಹೆದರಿಕೆ ಇದೆಯೋ? ಎಂಟು ದಿನವೂ ತಿರುಗಬೇಕೋ, ಎರಡು ದಿನ ಸುಮ್ಮನೆ ಕೂತಿರಬೇಕೋ? ಜಾತಕ ತೋರಿಸಿದರು, ಗೋತ್ರ ಕೇಳಿದರು, ಸಂಬಳ ಕೇಳಿದರು, ಸ್ವಂತ ಫ್ಲಾಟಿದೆಯೋ ಅಂತಲೂ ಕೇಳಿದರು. ಈ ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಹಿರಿಯರ ಮಧ್ಯಸ್ಥಿಕೆಯಿಲ್ಲದೆ ಇಬ್ಬರೇ ಕೂತು ಮಾಡಬೇಕಾದ ಮೊದಲ ಮಾತುಕತೆ ಅದು. ಅದನ್ನು ಗುಟ್ಟಾಗಿ ತಾನೊಬ್ಬನೇ ಮುಗಿಸಿಬಿಟ್ಟರೆ ಅವನು ಅವಳ ಕೆಲಸ ಹಗುರ ಮಾಡಿದ ಹಾಗಾಗುವುದಿಲ್ಲ, ಅವಳ ಪಾಲನ್ನು ತಾನೇ ತಿಂದ ಹಾಗಾಗುತ್ತದೆ.

ಅವನಿಗೆ ಬಾಲಿಯೇ ಯಾಕೆ ಬೇಕಿತ್ತು ಅಂದರೆ, "ಅಲ್ಲಿ ಇರೋರೆಲ್ಲ ಹೆಚ್ಚುಕಡಿಮೆ ನಮ್ಮವ್ರೇ ದೊಡ್ಡಮ್ಮ, ಅವಳಿಗೆ ಅಡ್ಜಸ್ಟ್ ಆಗುತ್ತೆ" ಅಂದ. ಇಂಡೋನೇಷ್ಯಾದಲ್ಲಿ ಮುಸ್ಲಿಮರೇ ಬಹುಸಂಖ್ಯಾತರು, ಬಾಲಿ ದ್ವೀಪದಲ್ಲಿ ಮಾತ್ರ ಹಿಂದೂಗಳು ಹೆಚ್ಚು. ರಾಮಾಯಣ, ಮಹಾಭಾರತ ಅವರಿಗೂ ಗೊತ್ತು. ಅವರ ಒಂದು ಪಂಚಾಂಗ ಶಕ ವರ್ಷದ್ದು, ನಮ್ಮ ಶಾಲಿವಾಹನ ಶಕೆಯೇ. 2023ರಲ್ಲಿ ನಮ್ಮ ಯುಗಾದಿ, ಅವರ ಹೊಸವರ್ಷ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. ಇಷ್ಟು ಕೇಳಿದರೆ ನಮ್ಮವರೇ ಅನ್ನಿಸುವುದು ಸಹಜ. ಆದರೆ ಆ ಹೊಸವರ್ಷವನ್ನು ಅವರು ಮಾಡುವ ರೀತಿ ನೋಡಿ. ಅದರ ಹೆಸರು ನ್ಯೆಪಿ, ಮೌನದ ದಿನ. ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆಯಿಂದ ಹೊರಗೆ ಬರುವಂತಿಲ್ಲ. ವಿಮಾನ ನಿಲ್ದಾಣವನ್ನೇ 24 ಗಂಟೆ ಮುಚ್ಚುತ್ತಾರೆ. ಪ್ರವಾಸಿಗಳೂ ಹೋಟೆಲಿನ ಒಳಗೇ ಇರಬೇಕು. ನಮ್ಮ ಯುಗಾದಿಗೆ ಹೋಳಿಗೆಯ ಘಮ ಬೀದಿಗೆ ಬರಬೇಕು. ಅವರಿಗೆ ಬೀದಿಯಲ್ಲಿ ನಾಯಿಯ ಹೆಜ್ಜೆ ಕೂಡ ಕೇಳುವಷ್ಟು ನಿಶ್ಶಬ್ದ ಬೇಕು. ಇನ್ನು ಬಾಬಿ ಗುಲಿಂಗ್ ಅಂತ ಇಡೀ ಹಂದಿಮರಿಗೆ ಮಸಾಲೆ ತುಂಬಿ ಸುಡುವುದು ಅಲ್ಲಿನ ಹೆಸರುವಾಸಿ ಹಬ್ಬದಡಿಗೆ. "ನಮ್ಮವರೇ" ಅಂದುಕೊಂಡು ಹೋದ ಉಡುಪಿಯ ಹುಡುಗಿಗೆ ಮೊದಲ ದಿನವೇ ಮುಖ ಬಿಳಿಚಿಕೊಂಡೀತು. ಅದರಲ್ಲಿ ಅವರ ತಪ್ಪೇನು? ಅವರು ತಮ್ಮ ಪಾಡಿಗೆ ತಾವಿದ್ದಾರೆ. ನಾವು ಕೇಳಿ ತಿಳಿದುಕೊಳ್ಳದೆ ನಮ್ಮ ಹೆಸರನ್ನು ಅವರಿಗೆ ಅಂಟಿಸಿಕೊಂಡು ಹೋಗುತ್ತೇವೆ. ಮುಂಬಯಿಯಲ್ಲಿ ದಕ್ಷಿಣದವರನ್ನೆಲ್ಲ "ಮದರಾಸಿ" ಅಂತ ಕರೆದಾಗ ಸಿಡುಕಿದವರು ನಾವು. ಇಷ್ಟನ್ನು ತಿಳಿಯಬೇಕಾದವರೂ ನಾವೇ.

ಗೊತ್ತಿಲ್ಲದ್ದು ಅಂತ ಗೊತ್ತಿದ್ದರೆ ಮನುಷ್ಯ ಕೇಳುತ್ತಾನೆ, ಎಚ್ಚರದಿಂದ ನೋಡುತ್ತಾನೆ. ಅರ್ಧ ಗೊತ್ತಿದೆ ಅನ್ನಿಸಿದರೆ ಕೇಳುವುದನ್ನೇ ಬಿಡುತ್ತಾನೆ. ಮದುವೆಯಲ್ಲೂ ಹೀಗೆಯೇ ಅಲ್ಲವೆ? ನಮ್ಮ ಭಾಷೆ, ನಮ್ಮ ಜಾತಿ, ನಮ್ಮವರೇ ಪೈಕಿ ಅಂತ ಹುಡುಕಿ ಹುಡುಕಿ ತರುತ್ತೇವೆ, ಮನೆಗೆ ಬಂದ ಮೇಲೆ ಅವಳ ಸಾರಿಗೆ ತೆಂಗಿನಕಾಯಿ ಯಾಕೆ ಬಿತ್ತು ಅಂತ ಆಶ್ಚರ್ಯಪಡುತ್ತೇವೆ. ಪಂಜಾಬಿ ಸೊಸೆ ತಂದ ನನ್ನ ನೆರೆಮನೆಯವರು ಅವಳನ್ನು ಪ್ರತಿಯೊಂದನ್ನೂ ಕೇಳುತ್ತಿದ್ದರು: ಇದು ತಿಂತೀಯಾ, ಇದು ನಿಮ್ಮಲ್ಲಿ ಹೇಗೆ? ಸಾಗರದಿಂದ ಬಂದ ನನ್ನನ್ನು ಯಾರೂ ಕೇಳಲಿಲ್ಲ. ನಾನು ನಮ್ಮವಳೇ ಆಗಿದ್ದೆನಲ್ಲ!

ಯೋಜನೆಯೇ ಬೇಡ, ಎಲ್ಲ ಗಾಳಿಗೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಪರದೇಶದಲ್ಲಿ ಗಾಳಿಗೆ ಬಿಟ್ಟರೆ ಗಾಳಿ ಎಲ್ಲಿಗೋ ಒಯ್ಯುತ್ತದೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಅವಸರದಲ್ಲಿ ಟಿಕೆಟ್ಟಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆಗಬಾರದು (ಬದಲಾಯಿಸಲೇಬೇಕೆಂದು ಯಾವ ಕಾನೂನೂ ಇಲ್ಲ, ಅದನ್ನೂ ಹುಡುಗಿಯರು ತಿಳಿದಿರಲಿ). 2024ರ ಫೆಬ್ರುವರಿಯಿಂದ ಬಾಲಿಗೆ ಹೋಗುವ ವಿದೇಶೀಯರು ತಲೆಗೆ ಒಂದೂವರೆ ಲಕ್ಷ ರೂಪಿಯಾ ಕಟ್ಟಬೇಕು. ಲಕ್ಷ ಅಂತ ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಸಾವಿರಕ್ಕೂ ಕಡಿಮೆಯೇ. ದೇವಸ್ಥಾನದೊಳಗೆ ಸೊಂಟಕ್ಕೆ ಸರೋಂಗ್ ಸುತ್ತಿಕೊಳ್ಳಬೇಕು. ಬೆಳಿಗ್ಗೆ ಅಂಗಡಿ ಮುಂದೆ, ಕಾಲುದಾರಿಯ ಮೇಲೆ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟಿರುತ್ತಾರೆ, ಅದು ನೈವೇದ್ಯ, ತುಳಿಯಬಾರದು. ಇಂಥವನ್ನು ಇಬ್ಬರೂ ತಿಳಿದು ಹೋಗಬೇಕು. ಒಬ್ಬನೇ ತಿಳಿದು ಇನ್ನೊಬ್ಬಳಿಗೆ "ಅಲ್ಲಿ ಕಾಲಿಡಬೇಡ" ಅನ್ನುತ್ತ ಮುಂದೆ ನಡೆದರೆ ಅದು ಮತ್ತೆ ನನ್ನ ಮಾಥೇರಾನೇ.

ಇದನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. "ಅಷ್ಟು ಕಷ್ಟಪಟ್ಟಿದೀನಿ ದೊಡ್ಡಮ್ಮ" ಅಂದ. ನಾನು ಮತ್ತೆ ಒತ್ತಾಯಿಸಲಿಲ್ಲ. ಎರಡು ವಾರ ಬಿಟ್ಟು ಅವನೇ ಅವಳಿಗೆ ಹೇಳಿದನಂತೆ. ಸಂತೋಷದಿಂದ ಕುಣಿಯುತ್ತಾಳೆ ಅಂದುಕೊಂಡಿದ್ದ. ಅವಳು ಪಟ್ಟಿಯನ್ನು ಪೂರ್ತಿ ಓದಿ, "ಇದರಲ್ಲಿ ನಾವು ಮಾತಾಡುವುದು ಯಾವಾಗ ಮಾರಾಯ್ರೆ?" ಅಂತ ಕೇಳಿದಳಂತೆ. ಜೊತೆಗೆ, ಮಳೆ ನೋಡಲಿಕ್ಕೆ ವಿಮಾನ ಹತ್ತಬೇಕೇ, ಅದು ನಮ್ಮಲ್ಲೇ ಬೇಕಷ್ಟು ಇದೆ ಅಂತ.

ಈಗ ಪ್ರಯಾಣ ಏಪ್ರಿಲಿಗೆ ಹೋಗಿದೆ. ಬಾಲಿಯೋ ಬೇರೆಯೋ ಅಂತ ಇನ್ನೂ ಗಟ್ಟಿಯಾಗಿಲ್ಲ. ಅವಳಿಗೆ ಶ್ರೀಲಂಕಾ ನೋಡುವ ಆಸೆ, ಅವನಿಗೆ ಅದು ತೀರಾ ಹತ್ತಿರ. ದಿನಾ ರಾತ್ರಿ ಫೋನಿನಲ್ಲಿ ಜಗಳ ಅಂತ ನನ್ನ ತಂಗಿ ಗಾಬರಿಯಾಗಿದ್ದಾಳೆ. "ಮದುವೆಗೆ ಮುಂಚೇನೇ ಹೀಗಾದ್ರೆ ಹೇಗೆ ಅಕ್ಕಾ?" ಅಂತ ಮೊನ್ನೆ ಕೇಳಿದಳು. ಜಗಳ ಯಾವುದರ ಮೇಲೆ ಅಂತ ವಿಚಾರಿಸಿದೆ. ಹೋಟೆಲಿಗೆ ಯಾರು ದುಡ್ಡು ಕಟ್ಟುವುದು ಅಂತಂತೆ. ಅವಳೂ ಕೆಲಸದಲ್ಲಿದ್ದಾಳೆ, ಅರ್ಧ ತನ್ನದೇ ಅಂತ ಹಟ ಹಿಡಿದಿದ್ದಾಳೆ.