ಮರೆಯಲ್ಲಿ ಉರುಳಿದ ದಾಳ

ಗೆಲುವನ್ನು ದಾನವಾಗಿ ಕೊಡಬಹುದೆ? ಕೊಟ್ಟರೆ ಅದು ಪಡೆದವನ ಗೆಲುವಾಗಿ ಉಳಿಯುತ್ತದೆಯೆ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದವನು ಯಾವ ದಾರ್ಶನಿಕನೂ ಅಲ್ಲ. ಹದಿನಾಲ್ಕು ವರ್ಷದ ನನ್ನ ಮೊಮ್ಮಗ.

ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ನನ್ನ ಮಗಳ ಮನೆ. ಕಳೆದ ಬೇಸಗೆಯಲ್ಲಿ ನಾನು ಅಲ್ಲಿದ್ದಾಗ ಶನಿವಾರ ಬಂತೆಂದರೆ ನೆಲಮಾಳಿಗೆಯಿಂದ ದಾಳಗಳ ಸದ್ದು ಕೇಳಿಬರುತ್ತಿತ್ತು. ಜೂಜೇನೋ ಎಂದು ಗಾಬರಿಯಾಗಿ ಇಳಿದು ಹೋದೆ. ಅಲ್ಲಿ ನಡೆಯುತ್ತಿದ್ದುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸುತ್ತಾರೆ. ಕೈಹಾಕಿದ ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲೇ ಆರ್ನೆಸನ್ ಇದೇ ಊರಿನ ಸುತ್ತಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಇಂಥ ಆಟವನ್ನು ಆಡಿಸುತ್ತಿದ್ದನಂತೆ.

ಕಥೆ ನಡೆಸುವವನು ನನ್ನ ಮೊಮ್ಮಗನೇ. ಅವನ ಮುಂದೆ ಒಂದು ರಟ್ಟಿನ ಮರೆ. ಅದರ ಹಿಂದೆ ಅವನ ದಾಳ. ನಾನು ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಎದುರಿಗೆ ನಾಲ್ವರು, ಎಲ್ಲರಿಗಿಂತ ಚಿಕ್ಕವಳು ಪಕ್ಕದ ಮನೆಯ ಹತ್ತು ವರ್ಷದ ಹುಡುಗಿ. ಅವಳದು ಮಾಂತ್ರಿಕನ ಪಾತ್ರ. ಪ್ರಾಣದ ಅಂಕ ಏಳೇ ಏಳು. ಗುಹೆಯಿಂದ ಓಗರ್ ಎಂಬ ನರಭಕ್ಷಕ ದೈತ್ಯನು ಬಂದು ಗದೆಯೆತ್ತಿದ. ಮರೆಯ ಹಿಂದೆ ದಾಳ ಉರುಳಿತು: ಇಪ್ಪತ್ತು! ಇಪ್ಪತ್ತು ಬಿದ್ದರೆ ಪೆಟ್ಟು ತಪ್ಪುವುದಿಲ್ಲ. ಪೆಟ್ಟನ್ನು ಅಳೆಯುವ ದಾಳಗಳೂ ಇಮ್ಮಡಿಯಾಗುತ್ತವೆ. ಏಳು ಅಂಕದ ಜೀವಕ್ಕೆ ಅದು ಹೆಚ್ಚುಕಡಿಮೆ ಸಾವೇ. ಮೊಮ್ಮಗ ದಾಳವನ್ನು ನೋಡಿದ, ಹುಡುಗಿಯ ಮುಖವನ್ನು ನೋಡಿದ. “ತಪ್ಪಿತು!” ಎಂದ. ಹುಡುಗಿ ಕುರ್ಚಿಯಿಂದ ಇಳಿದು ಕುಣಿದಳು.

ರಾತ್ರಿ ಕೇಳಿದೆ: “ಏಕಪ್ಪ, ಸುಳ್ಳು ಹೇಳಿದೆ?”

“ಅವಳು ಅಳುತ್ತಿದ್ದಳು ತಾತ. ಕಥೆ ನಡೆಸುವವನಿಗೆ ಆ ಅಧಿಕಾರ ಇದೆ.”

ಇರುವುದು ನಿಜ. 1979ರ ಮಾರ್ಗದರ್ಶಿ ಗ್ರಂಥದಲ್ಲಿ ಗೈಗ್ಯಾಕ್ಸನೇ ಅದನ್ನು ಒಪ್ಪಿದ್ದಾನೆ. ದಾಳಕ್ಕೆ ಕಣ್ಣಿಲ್ಲ; ಕಣ್ಣಿದ್ದವನು ನಡುವೆ ಕೈಯಡ್ಡ ಹಿಡಿದರೆ ತಪ್ಪೇನು? ಉತ್ತರ ತೋಚದೆ ಮಲಗಿದೆ. ನಿದ್ರೆಗೆ ಬದಲು ಬಂದದ್ದು ಚೌಕಾಬಾರದ ನೆನಪು.

ಇವನ ತಾಯಿ ಒಂಬತ್ತು ವರ್ಷದವಳಾಗಿದ್ದಾಗ ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ಅವಳೊಡನೆ ಕವಡೆ ಹಾಕುತ್ತಿದ್ದೆ. ಕಡಿಯಬಹುದಾದ ಅವಳ ಕಾಯಿಯನ್ನು ಬಿಟ್ಟು ನನ್ನ ಇನ್ನೊಂದು ಕಾಯಿಯನ್ನು ನಡೆಸುತ್ತಿದ್ದೆ. ಅವಳು ಗೆಲ್ಲುತ್ತಿದ್ದಳು, ಗೆದ್ದದ್ದನ್ನು ಬೀದಿಗೆಲ್ಲ ಸಾರಿ ಬರುತ್ತಿದ್ದಳು. ಒಂದು ಸಂಜೆ ಬಿದ್ದ ಗರವನ್ನು ಎಣಿಸಿ, ಮನೆಗಳನ್ನು ಎಣಿಸಿ, ನನ್ನ ಮುಖ ನೋಡಿದಳು. “ಅಪ್ಪ, ನೀನು ಬೇಕೆಂದೇ ಬಿಟ್ಟೆ. ಹಾಗಾದರೆ ನಾನು ಒಂದು ಸಲವೂ ಗೆದ್ದೇ ಇಲ್ಲ” ಎಂದಳು. ಆಮೇಲೆ ನನ್ನೊಡನೆ ಆಡಲಿಲ್ಲ. ಅವಳು ನಿಜವಾಗಿ ಗೆದ್ದ ಆಟಗಳೂ ಅವುಗಳಲ್ಲಿ ಇದ್ದವು. ನನ್ನ ಔದಾರ್ಯದಿಂದ ಅವೂ ಹೋದವು.

ಹಾಗೆಂದು ಬಲಹೀನರನ್ನು ಬಲಿಷ್ಠರ ಬಾಯಿಗೆ ಬಿಡಬೇಕೆ? ಬೇಡ. ಮರುದಿನ ಮೊಮ್ಮಗನ ಬಳಿಯಿದ್ದ 2014ರ ನಿಯಮಗ್ರಂಥವನ್ನು ತಿರುವಿ ಹಾಕಿದೆ. ಎದುರಾಳಿಯನ್ನು ತೂಗುವುದಕ್ಕೆ ಅದರಲ್ಲಿ ಲೆಕ್ಕವಿದೆ. ಮೊದಲ ಹಂತದ ನಾಲ್ವರಿಗೆ 400 ಅಂಕದ ಕಾಳಗವೇ ಮಾರಕ. ಓಗರ್ ಒಬ್ಬನದೇ 450! ಇನ್ನೊಂದು ಸೂಕ್ಷ್ಮವೂ ಉಂಟು. ಗಾಬ್ಲಿನ್ ಎಂಬ ಕುಳ್ಳ ಪುಂಡನಿಗೆ 50 ಅಂಕ. ಆದರೆ ನಾಲ್ಕು ಗಾಬ್ಲಿನ್‌ಗಳು ಕೂಡಿ ಬಂದರೆ ಕಷ್ಟವನ್ನು 200 ಎಂದಲ್ಲ, ಇಮ್ಮಡಿಸಿ 400 ಎಂದೆಣಿಸಬೇಕು. ನಾಲ್ವರಿಗೆ ನಾಲ್ಕು ಸರದಿ, ನಾಲ್ಕು ಪೆಟ್ಟು. ಹುಡುಗ ತಪ್ಪಿದ್ದು ತೂಕದಲ್ಲಿ. ಆ ಸಾಲವನ್ನು ಸುಳ್ಳಿನಿಂದ ತೀರಿಸಿದ್ದ.

ಜೊತೆಗಾರರ ನಡುವಿನ ಸಮತೂಕದ ಮಾತೂ ಹೀಗೆಯೇ. ಹಳೆಯ ಆವೃತ್ತಿಗಳಲ್ಲಿ ಮಾಂತ್ರಿಕ ಮೊದಲು ಹುಲ್ಲುಕಡ್ಡಿ, ಕಡೆಗೆ ಪರ್ವತ. ಅವನನ್ನು ಕಾಪಾಡಿ ಬೆಳೆಸಿದ ಯೋಧ ಕಡೆಗೆ ಅವನ ನೆರಳು. 2008ರ ನಾಲ್ಕನೆಯ ಆವೃತ್ತಿ ಎಲ್ಲರ ಶಕ್ತಿಗಳನ್ನೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿತು. ಈಗ ಎಲ್ಲರೂ ಒಂದೇ ತೆರ ಎಂದು ಅನೇಕರು ಗೊಣಗಿದರು. ಆ ಗೊಣಗಿನಲ್ಲಿ ಅರ್ಥವಿದೆ. ಪಕ್ಕದವನಷ್ಟೇ ಬಲ ಬೇಕೆಂಬ ಆಸೆ ಮನುಷ್ಯನಿಗೆ ದೊಡ್ಡದಲ್ಲ. ತನ್ನ ಕೈಯ ಕೆಲಸ ಲೆಕ್ಕಕ್ಕೆ ಬರಬೇಕು ಎಂಬುದು ದೊಡ್ಡದು. ಮರೆಯಲ್ಲಿ ದಾಳವನ್ನು ತಿರುಚುವವನು ಕಸಿದುಕೊಳ್ಳುವುದು ಅದನ್ನೇ.

ಕರುಣೆಗೂ ಕಾಲವುಂಟು ಎಂದು ನನಗೆ ತೋರುತ್ತದೆ. ದಾಳ ಕೈಬಿಡುವ ಮೊದಲು ಎಷ್ಟು ಬೇಕಾದರೂ ಕರುಣೆ ತೋರಬಹುದು. ದೈತ್ಯನನ್ನು ಕುಗ್ಗಿಸಲಿ, ಗುಹೆಯ ಬಾಗಿಲಲ್ಲಿ ಎಲುಬು ಹರಡಿ ಎಚ್ಚರಿಸಲಿ, ಓಡಿಹೋಗಲು ಒಂದು ದಾರಿಯಿಡಲಿ. ದಾಳ ಉರುಳಿದ ಮೇಲೆ ಅದು ಆಡುವವರ ಸೊತ್ತು. ಮೊಮ್ಮಗನಿಗೆ ಇದನ್ನು ಹೇಳಿದೆ. ಚೌಕಾಬಾರದ ಕಥೆಯನ್ನೂ ಹೇಳಿದೆ.

ಮುಂದಿನ ಶನಿವಾರ ರಟ್ಟಿನ ಮರೆ ಮೇಜಿನ ಮೇಲೆ ಇರಲಿಲ್ಲ. ಸೇತುವೆಯ ಬಳಿ ಎರಡೇ ಗಾಬ್ಲಿನ್. ಅವರ ಬಾಣಗಳು ನೆಟ್ಟ ಮರವನ್ನು ಮಕ್ಕಳು ಮೊದಲೇ ಕಂಡಿದ್ದರು. ಆದರೂ ಹುಡುಗಿಯ ಮಾಂತ್ರಿಕ ಬಿದ್ದ. ಬಿದ್ದವನ ಜೀವಕ್ಕಾಗಿ ಆಡುವವನೇ ದಾಳ ಹಾಕಬೇಕು. ಹತ್ತಕ್ಕೆ ಕಡಿಮೆ ಮೂರು ಸಲ ಬಂದರೆ ಮುಗಿಯಿತು. ಅವಳು ಹಾಕಿದಳು: ನಾಲ್ಕು, ಹನ್ನೆರಡು, ಏಳು. “ಇನ್ನು ಸಾಕಮ್ಮ, ಬಿಡು” ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಕೊನೆಯದು ಮೂರು.

ಅವಳ ಕಣ್ಣು ತುಂಬಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಹೊಸ ಪಾತ್ರಕ್ಕೆ ಒಂದು ಹಾಳೆ ಕೇಳಿದಳು. ಹಳೆಯ ಹಾಳೆಯನ್ನು ಜೋಪಾನವಾಗಿ ಮಡಿಸುತ್ತ, “ಓಗರ್‌ನಿಂದಲೇ ತಪ್ಪಿಸಿಕೊಂಡಿದ್ದವನು!” ಎಂದಳು, ಹೆಮ್ಮೆಯಿಂದ.

ಮೊಮ್ಮಗ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.